ಡಿಎನ್‌ಎ ದಾರದಲ್ಲಿ ನಗುಮುಖ ಹೊಲಿದವರು ಯಾರು, ಸೂಜಿ ಯಾವುದು?

ಹನುಮಂತನಗರ ಟೈಲರಕ್ಕ
ಶನಿವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನನ್ನದು ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ಸೀರೆಗೆ ಕುಚ್ಚು, ಫಾಲ್, ಜಿಗ್‌ಜಾಗ್ ಎಲ್ಲಾ ಮಾಡುತ್ತೇನೆ. ಮಗಳು ಸೆಕೆಂಡ್ ಪಿಯು. ಹೋದ ವಾರ ಅವಳ ಜೊತೆ ಒಂದು ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಹೋಗಿದ್ದೆ. ಬಿಸಿಲು, ಜನ, ಕಾಲು ನೋವು. ಎಲ್ಲಿ ಕೂರುವುದು ಅಂತ ಜಾಗ ಹುಡುಕಿದ್ದೇ ಜಾಸ್ತಿ. ಒಂದು ಸ್ಟಾಲ್ ಮುಂದೆ ಮಾತ್ರ ನಿಂತುಬಿಟ್ಟೆ.

ಅಲ್ಲಿ ಒಂದು ಫೋಟೋ. ಕಂದು ಬಣ್ಣದ ನೆಲದ ಮೇಲೆ ದುಂಡು ದುಂಡು ಮುಖಗಳು. ಎರಡು ಕಣ್ಣು, ನಗುವ ಬಾಯಿ. ಮೊಬೈಲಲ್ಲಿ ಕಳಿಸುತ್ತೇವಲ್ಲ, ಅದೇ ಸ್ಮೈಲಿ. ಸ್ಟಾಲಿನ ಹುಡುಗ ಹೇಳಿದ, ‘ಆಂಟಿ, ಇದು ಡಿಎನ್‌ಎಯಲ್ಲಿ ಮಾಡಿದ್ದು. ಒಂದು ಮುಖದ ಅಗಲ 100 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಒಂದೇ ಉದ್ದ ಎಳೆಯನ್ನು ಮಡಚಿ, ಚಿಕ್ಕ ಎಳೆಗಳಿಂದ ಹಿಡಿಸಿದ್ದಾರೆ.’ ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ತಳ್ಳಿದರು.

ಮಗಳನ್ನು ಕೇಳಿದರೆ ‘ಇದು ಸಿಲಬಸ್‌ನಲ್ಲಿ ಇಲ್ಲಮ್ಮ’ ಅಂದಳು. ಆದರೆ ಮಡಚುವುದು, ಹಿಡಿಸುವುದು ನನ್ನ ಕಸುಬಲ್ವಾ? ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಷ್ಟು ಸಣ್ಣ ದಾರ ಹಿಡಿಯಲು ಸೂಜಿ ಯಾವುದು? ದಾರವೇ ಬೇಕಿದ್ದರೆ ನೈಲಾನ್ ಯಾಕೆ ಆಗಲ್ಲ, ಡಿಎನ್‌ಎ ಯಾಕೆ? ಮತ್ತೆ, ಅದು ಯಾರ ಡಿಎನ್‌ಎ?

ಸೈಲೆಂಟ್ ಸೀನ
ಶನಿವಾರ, ರಾತ್ರಿ 10:05

ಫೋಟೋಶಾಪ್ ಅಕ್ಕ. ಅಷ್ಟೇ.

ಲ್ಯಾಬ್‌ಇಲಿ
ಶನಿವಾರ, ರಾತ್ರಿ 11:20

ಸೀನ, ಫೋಟೋಶಾಪ್ ಅಲ್ಲ ಮಾರಾಯ. ಅಕ್ಕಾ, ನಾನು ಆರು ವರ್ಷ ಇದೇ ಕೆಲಸ ಮಾಡಿ ಪಿಎಚ್‌ಡಿ ಮುಗಿಸಿದವನು. ಈಗ ಬೇರೆ ನೌಕರಿ. ಆದರೂ ಈ ವಿಷಯ ಬಂದರೆ ಸುಮ್ನೆ ಇರಲಾಗುವುದಿಲ್ಲ.

ನೈಲಾನ್ ಪ್ರಶ್ನೆ ಮೊದಲು. ನಿಮ್ಮ ಅಂಗಡಿಯಲ್ಲಿ ಹುಕ್ಕು ಇದೆ, ಕಾಜ ಇದೆ. ಯಾವ ಹುಕ್ಕನ್ನು ಯಾವ ಕಾಜಕ್ಕೆ ಹಾಕಿದರೂ ಕೂರುತ್ತದೆ. ಅವಸರದಲ್ಲಿ ಒಂದು ಮೇಲೆ, ಒಂದು ಕೆಳಗೆ ಆಗುವುದು ಅದಕ್ಕೇ. ಈಗ ಪ್ರತಿ ಹುಕ್ಕಿಗೂ ಅದರದೇ ಒಂದು ಕಾಜ, ಬೇರೆಯದಕ್ಕೆ ಅದು ಹಿಡಿಯುವುದೇ ಇಲ್ಲ ಅಂದುಕೊಳ್ಳಿ. ಆಗ ಬ್ಲೌಸಿನ ತುಂಡುಗಳನ್ನೆಲ್ಲ ಬಕೆಟ್ಟಿಗೆ ಹಾಕಿ ಅಲ್ಲಾಡಿಸಿದರೆ ಸಾಕು, ಹುಕ್ಕುಗಳೇ ತಮ್ಮ ಕಾಜ ಹುಡುಕಿಕೊಂಡು ಬ್ಲೌಸ್ ಆಗಿಬಿಡುತ್ತದೆ. ನೈಲಾನಿಗೆ ಈ ಗುಣ ಇಲ್ಲ. ಅದರ ಒಂದು ತುದಿಗೂ ಇನ್ನೊಂದು ತುದಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಿಎನ್‌ಎಗೆ ಗೊತ್ತಾಗುತ್ತದೆ.

ಹೇಗೆ ಅಂದರೆ, ಡಿಎನ್‌ಎಯ ಒಂದೊಂದು ಎಳೆಯ ಮೇಲೂ ನಾಲ್ಕು ಬಗೆಯ ಅಕ್ಷರ ಸಾಲಾಗಿ ಕೂತಿವೆ: ಎ, ಟಿ, ಜಿ, ಸಿ. ಎ ಹಿಡಿಯುವುದು ಟಿಯನ್ನು, ಜಿ ಹಿಡಿಯುವುದು ಸಿಯನ್ನು. ಒಂದು ಎಳೆಯಲ್ಲಿ ಎ-ಟಿ-ಜಿ-ಸಿ-ಸಿ ಇದ್ದರೆ ಅದರ ಎದುರಿಗೆ ಟಿ-ಎ-ಸಿ-ಜಿ-ಜಿ ಇರುವ ಎಳೆಯೇ ಬರಬೇಕು. ಅದೂ ತಲೆ-ಬಾಲ ಉಲ್ಟಾ ಆಗಿ, ಒಂದು ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ. ಎಂಟೇ ಅಕ್ಷರದ ಒಂದು ತುದಿ ತೆಗೆದುಕೊಳ್ಳಿ. ನಾಲ್ಕು ಅಕ್ಷರಗಳಲ್ಲಿ 65,536 ಬೇರೆ ಬೇರೆ ತುದಿ ಬರೆಯಬಹುದು. ಅಷ್ಟು ಬಗೆಯ ಹುಕ್ಕು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನು ಅಳತೆ. ಎರಡು ಎಳೆ ಸೇರಿ ಹೊಸೆದುಕೊಂಡ ಹುರಿಯ ದಪ್ಪ 2 ನ್ಯಾನೊಮೀಟರ್. ಒಂದು ಅಕ್ಷರದಿಂದ ಮುಂದಿನದಕ್ಕೆ 0.34 ನ್ಯಾನೊಮೀಟರ್. ಸುಮಾರು ಹತ್ತೂವರೆ ಅಕ್ಷರಕ್ಕೆ ಹುರಿ ಒಂದು ಪೂರ್ತಿ ಸುತ್ತು ಬರುತ್ತದೆ. ಈ ಲೆಕ್ಕ ಎಲ್ಲಿ ಹೋದರೂ ಹೆಚ್ಚುಕಮ್ಮಿ ಇದೇ. ಕಟ್ಟುವವರಿಗೆ ಬೇಕಾದ್ದೂ ಇದೇ, ಅಳತೆ ಬದಲಾಗದ ಇಟ್ಟಿಗೆ.

ಯಾರ ಡಿಎನ್‌ಎ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಉತ್ತರ ಕೇಳಿ ನಗುತ್ತೀರಿ.

ರಾಜಾಜಿನಗರ ಬಯಾಲಜಿ ಮೇಷ್ಟ್ರು
ಭಾನುವಾರ, ಬೆಳಗ್ಗೆ 6:45

ಲ್ಯಾಬ್‌ಇಲಿಯವರೇ, ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ಕಡೆ ಅರ್ಧಕ್ಕೆ ಬಿಟ್ಟಿದ್ದೀರಿ. ಹುಕ್ಕು-ಕಾಜ ಅಂದ ತಕ್ಷಣ ಮಕ್ಕಳು ಹುರಿಯನ್ನು ಹಿಡಿದಿಟ್ಟಿರುವುದು ಅದೊಂದೇ ಅಂದುಕೊಳ್ಳುತ್ತಾರೆ. ಎ-ಟಿ ನಡುವೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ನಡುವೆ ಮೂರು. ಯಾರ ಜೋಡಿ ಯಾರು ಅನ್ನುವುದನ್ನು ತೀರ್ಮಾನಿಸುವುದು ಅದು, ಸರಿ. ಆದರೆ ಹುರಿ ಗಟ್ಟಿಯಾಗಿ ನಿಲ್ಲಲು ಇನ್ನೊಂದು ದೊಡ್ಡ ಕಾರಣ ಅಕ್ಷರಗಳ ಜೋಡಣೆ. ಚಪ್ಪಟೆ ಅಕ್ಷರಗಳು ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗೆ ಕೂತು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನೀರಿನಿಂದ ಮುಖ ಮರೆಸಿಕೊಳ್ಳುವುದು ಅವಕ್ಕೆ ಇಷ್ಟ.

ಇನ್ನೊಂದು ಮಾತು. ಈ ಹುರಿಯ ಆಕಾರ ಹೇಳಿದ 1953ರ ವಾಟ್ಸನ್, ಕ್ರಿಕ್ ಹೆಸರು ಎಲ್ಲರಿಗೂ ಬಾಯಿಪಾಠ. ಆ ಸುತ್ತು, ಆ ಅಳತೆ ಕಣ್ಣಿಗೆ ಬಿದ್ದಿದ್ದು ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್‌ರೇ ಚಿತ್ರಗಳಲ್ಲಿ. ಪ್ರಸಿದ್ಧವಾದ 51ನೇ ಫೋಟೋ ತೆಗೆದದ್ದು 1952ರಲ್ಲಿ, ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ರೇಮಂಡ್ ಗಾಸ್ಲಿಂಗ್. 1962ರಲ್ಲಿ ನೊಬೆಲ್ ಕೊಡುವಾಗ ಫ್ರಾಂಕ್ಲಿನ್ ಬದುಕಿರಲಿಲ್ಲ. ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಇದಕ್ಕೆ ಹತ್ತು ನಿಮಿಷ ಕೊಡುತ್ತೇನೆ, ಪರೀಕ್ಷೆಗೆ ಬರದಿದ್ದರೂ.

ಲ್ಯಾಬ್‌ಇಲಿ
ಭಾನುವಾರ, ಬೆಳಗ್ಗೆ 9:10

ತಪ್ಪು ಒಪ್ಪಿಕೊಂಡೆ ಸರ್. ನನ್ನ ಗೈಡ್ ಇದ್ದಿದ್ದರೂ ಇದನ್ನೇ ಹೇಳಿ ಬೈಯುತ್ತಿದ್ದರು.

ಹನುಮಂತನಗರ ಟೈಲರಕ್ಕ
ಭಾನುವಾರ, ಬೆಳಗ್ಗೆ 11:30

ಹುಕ್ಕು-ಕಾಜ ಅರ್ಥ ಆಯಿತು. ಆದರೆ ಎರಡು ಎಳೆ ಸೇರಿ ಹೊಸೆದರೆ ಆಗುವುದು ಹುರಿ. ಲಂಗದ ಲಾಡಿ ತರಹ. ಎಷ್ಟು ಉದ್ದ ಮಾಡಿದರೂ ಅದು ಲಾಡಿಯೇ. ಅಗಲ ಎಲ್ಲಿಂದ ಬಂತು? ಮುಖ ಹೇಗೆ ಆಯಿತು?

ಲ್ಯಾಬ್‌ಇಲಿ
ಭಾನುವಾರ, ಮಧ್ಯಾಹ್ನ 12:15

ಅಕ್ಕಾ, ಇದೇ ಪ್ರಶ್ನೆಯಿಂದ ಈ ವಿಜ್ಞಾನ ಶುರುವಾಗಿದ್ದು. ಸುಮ್ನೆ ಹೊಗಳುತ್ತಿಲ್ಲ.

ಬರೀ ರಸ್ತೆ ಇದ್ದರೆ ಊರಾಗುವುದಿಲ್ಲ, ಸರ್ಕಲ್ ಬೇಕು. ಡಿಎನ್‌ಎಯಲ್ಲಿ ಸರ್ಕಲ್ ಇದೆ ಅಂತ 1964ರಲ್ಲೇ ರಾಬಿನ್ ಹಾಲಿಡೇ ಅನ್ನುವವರು ಹೇಳಿದ್ದರು. ಜೀವಕೋಶದಲ್ಲಿ ಎರಡು ಹುರಿಗಳು ಪರಸ್ಪರ ತುಂಡು ಬದಲಾಯಿಸಿಕೊಳ್ಳುವಾಗ ಎಳೆಗಳು ಅದಲುಬದಲಾಗಿ ನಾಲ್ಕು ತೋಳಿನ ಕೂಡು ಆಗುತ್ತದೆ. ಆದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ನಾಲ್ಕೂ ಕಡೆ ಒಂದೇ ತರಹದ ಅಕ್ಷರ ಇರುವುದರಿಂದ ಕೂಡು ಆಚೆ ಈಚೆ ಜಾರುತ್ತಲೇ ಇರುತ್ತದೆ. ದಿನಾ ಜಾಗ ಬದಲಿಸುವ ಸರ್ಕಲ್‌ನಲ್ಲಿ ಅಂಗಡಿ ಇಡಲಾಗುತ್ತದೆಯೇ?

ನೆಡ್ ಸೀಮನ್ ಅಂತ ಅಮೆರಿಕದ ವಿಜ್ಞಾನಿ. ಎಕ್ಸ್‌ರೇಗೆ ಬೇಕಾದ ಹರಳು ಬೆಳೆಸುವುದು ಅವರ ಕೆಲಸ, ಹರಳು ಬೆಳೆಯದಿರುವುದು ಅವರ ಗೋಳು. 1980ರಲ್ಲಿ ಒಂದು ದಿನ ಆಲ್ಬನಿಯ ಯೂನಿವರ್ಸಿಟಿ ಪಬ್‌ನಲ್ಲಿ ಕೂತಿದ್ದಾಗ ಡಚ್ ಕಲಾವಿದ ಎಶರ್ ಅವರ ಒಂದು ಚಿತ್ರ ನೆನಪಾಯಿತಂತೆ. ಅದರಲ್ಲಿ ಮೀನುಗಳು ಎಡ-ಬಲ, ಮೇಲೆ-ಕೆಳಗೆ, ಮುಂದೆ-ಹಿಂದೆ ಸಾಲಾಗಿ ಈಜುತ್ತಿವೆ. ಒಂದೊಂದು ಮೀನೂ ಒಂದು ಕೂಡಿನ ಹಾಗೆ ಅವರಿಗೆ ಕಂಡಿತು. ನಾಲ್ಕು ತೋಳಿಗೂ ಬೇರೆ ಬೇರೆ ಅಕ್ಷರ ಬರೆದರೆ ಕೂಡು ಜಾರಲು ದಾರಿಯೇ ಇರುವುದಿಲ್ಲ. ಪ್ರತಿ ತೋಳಿನ ತುದಿಗೆ ಒಂದು ಹುಕ್ಕು ಇಟ್ಟರೆ ಪಕ್ಕದ ಕೂಡನ್ನು ಹಿಡಿದುಕೊಳ್ಳುತ್ತದೆ. 1982ರಲ್ಲಿ ಅದನ್ನು ಕಾಗದದ ಮೇಲೆ ಬರೆದರು. 1991ರಲ್ಲಿ ಡಿಎನ್‌ಎ ಡಬ್ಬಿ ಮಾಡಿದರು. ಆರು ಮುಖ, ಪ್ರತಿ ಮುಖಕ್ಕೂ ಒಂದು ಬಳೆಯಂತಹ ಎಳೆ, ಪಕ್ಕದ ಬಳೆಗಳ ಜೊತೆ ಸರಪಳಿಯ ಹಾಗೆ ಸಿಕ್ಕಿಕೊಂಡಿದೆ. ಅವರು ಕನಸು ಕಂಡ ಹರಳು ಕೈಗೆ ಬಂದಿದ್ದು 2009ರಲ್ಲಿ. 27 ವರ್ಷ! ನಮಗೆಲ್ಲ ಆರು ತಿಂಗಳಿಗೆ ರಿಸಲ್ಟ್ ಬರದಿದ್ದರೆ ಜೀವ ಹೋಗುತ್ತದೆ.

ಮಲ್ಲೇಶ್ವರ ಮಾಲಾ
ಭಾನುವಾರ, ಸಂಜೆ 4:00

ಓದುತ್ತಾ ನನಗೆ ನಮ್ಮತ್ತೆ ನೆನಪಾದರು. ಅವರು ಎಳೆ ರಂಗೋಲಿ ಹಾಕುತ್ತಿದ್ದರು. ಮೊದಲು ಚುಕ್ಕಿ, ಆಮೇಲೆ ಒಂದೇ ಗೆರೆ, ಎಲ್ಲಾ ಚುಕ್ಕಿ ಸುತ್ತಿ ಶುರುವಾದಲ್ಲಿಗೇ ಬರಬೇಕು. ಮಧ್ಯೆ ಕೈ ಎತ್ತಿದರೆ ಅಳಿಸಿ ಮತ್ತೆ ಮೊದಲಿಂದ. ಅಕ್ಕ ಹೇಳಿದ ‘ಒಂದೇ ಉದ್ದ ಎಳೆ’ ಅಂದರೆ ಹೀಗೇನಾ?

ಲ್ಯಾಬ್‌ಇಲಿ
ಭಾನುವಾರ, ಸಂಜೆ 5:25

ಮಾಲಾ ಮೇಡಂ, ನಾನು ಆರು ವರ್ಷದಲ್ಲಿ ಇಷ್ಟು ಒಳ್ಳೆ ಹೋಲಿಕೆ ಹುಡುಕಲಿಲ್ಲ. ಅದೇ. ಒಂದೇ ವ್ಯತ್ಯಾಸ, ಇಲ್ಲಿ ಚುಕ್ಕಿ ಇಲ್ಲ. ಬದಲಿಗೆ ಚಿಕ್ಕ ದಾರದ ಹೊಲಿಗೆ ಇದೆ.

2006ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪಾಲ್ ರೋಥೆಮುಂಡ್ ಮಾಡಿದ್ದು ಇದು. ಈಗ ಟೈಲರಕ್ಕನ ಮೂರನೇ ಪ್ರಶ್ನೆಗೆ ಉತ್ತರ: ಆ ಉದ್ದ ಎಳೆ ಒಂದು ವೈರಸ್‌ದು. ಎಂ13 ಅಂತ ಹೆಸರು. ಮನುಷ್ಯರ ಗೊಡವೆಗೆ ಬರುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಅದರ ಡಿಎನ್‌ಎ ಒಂಟಿ ಎಳೆ, ತುದಿ ಇಲ್ಲದ ಬಳೆ. ಅವರು ಬಳಸಿದ್ದರಲ್ಲಿ 7,249 ಅಕ್ಷರ. ಪ್ರತಿ ಅಕ್ಷರವೂ ಗೊತ್ತು, ಬೆಳೆಸುವುದು ಸುಲಭ, ಬೆಲೆಯೂ ಕಡಿಮೆ. ಚಾಚಿದರೆ ಸುಮಾರು ಎರಡೂವರೆ ಮೈಕ್ರೊಮೀಟರ್ ಉದ್ದ.

ಈ ಎಳೆಯನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸಾಲು ಸಾಲಾಗಿ ಓಡಿಸಿ ದುಂಡಗೆ ತುಂಬಿಸಬೇಕು. ಸಾಲುಗಳು ತಾವೇ ಪಕ್ಕ ಪಕ್ಕ ನಿಲ್ಲುವುದಿಲ್ಲವಲ್ಲ. ಅದಕ್ಕೆ ಇನ್ನೂರಕ್ಕೂ ಹೆಚ್ಚು ಚಿಕ್ಕ ಎಳೆಗಳು, ಹೆಚ್ಚಿನವು 32 ಅಕ್ಷರದವು. ಇವನ್ನು ಮೆಷಿನ್‌ನಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ, ಯಾವ ಜೀವಿಯಿಂದಲೂ ತೆಗೆದದ್ದಲ್ಲ. ಒಂದೊಂದು ಚಿಕ್ಕ ಎಳೆಯ ಸ್ವಲ್ಪ ಭಾಗ ಒಂದು ಸಾಲಿಗೆ ಕೂರುತ್ತದೆ, ಉಳಿದದ್ದು ಪಕ್ಕದ ಸಾಲಿಗೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ‘ಸ್ಟೇಪಲ್’ ಅನ್ನುತ್ತಿದ್ದೆವು. ಟೈಲರಕ್ಕ ನೋಡಿದರೆ ಕಚ್ಚಾ ಹೊಲಿಗೆ ಅನ್ನುತ್ತಾರೇನೋ.

ಕಣ್ಣು, ಬಾಯಿ ಬರೆದಿದ್ದಲ್ಲ, ಕತ್ತರಿಸಿದ್ದೂ ಅಲ್ಲ. ಎಳೆ ಅಲ್ಲಿಗೆ ಹೋಗಲೇ ಇಲ್ಲ. ರಂಗೋಲಿಯಲ್ಲಿ ಬಿಟ್ಟ ಜಾಗದ ಹಾಗೆ.

ಇನ್ನು ಸೂಜಿ. ಸೂಜಿ ಇಲ್ಲ ಅಕ್ಕ. ಕೈಯೂ ಇಲ್ಲ. ಉಪ್ಪುನೀರಿನಲ್ಲಿ ಉದ್ದ ಎಳೆ ಹಾಕಿ, ಸ್ಟೇಪಲ್‌ಗಳನ್ನು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹಾಕಿ, 95 ಡಿಗ್ರಿಗೆ ಕಾಯಿಸುತ್ತಾರೆ. ಅಷ್ಟು ಬಿಸಿಯಲ್ಲಿ ಯಾರೂ ಯಾರನ್ನೂ ಹಿಡಿದುಕೊಂಡಿರುವುದಿಲ್ಲ. ಆಮೇಲೆ ನಿಧಾನವಾಗಿ 20 ಡಿಗ್ರಿಗೆ ಇಳಿಸುತ್ತಾರೆ. ರೋಥೆಮುಂಡ್‌ಗೆ ಎರಡು ಗಂಟೆಯೂ ಬೇಕಾಗಲಿಲ್ಲ. ತಪ್ಪು ಜೋಡಿ ಆದರೆ ಅದು ಸಡಿಲ, ಬಿಸಿಗೆ ಬಿಟ್ಟುಹೋಗುತ್ತದೆ. ಸರಿ ಜೋಡಿ ಆದರೆ ನಿಲ್ಲುತ್ತದೆ. ಬೇಗ ತಣ್ಣಗೆ ಮಾಡಿದರೆ ತಪ್ಪು ಬಿಚ್ಚಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ. ಮಿಕ್ಸಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ ಈ ಬಿಸಿ-ತಂಪು ಕೆಲಸ ಮಾಡುತ್ತದೆ. ನಾವು ಗುಂಡಿ ಒತ್ತಿ ಊಟಕ್ಕೆ ಹೋಗುತ್ತಿದ್ದೆವು. ವಾಪಸ್ ಬರುವಷ್ಟರಲ್ಲಿ ಒಂದು ಹನಿಯಲ್ಲಿ ಸಾವಿರಾರು ಕೋಟಿ ಮುಖ.

ಸೈಲೆಂಟ್ ಸೀನ
ಭಾನುವಾರ, ಸಂಜೆ 5:40

ಹಾಗಾದ್ರೆ ಫೋಟೋ ಹೇಗೆ ತೆಗೆದರು ಗುರು? 100 ನ್ಯಾನೊಮೀಟರ್ ಅಂದ್ರೆ ಸೂಕ್ಷ್ಮದರ್ಶಕದಲ್ಲಿ ಬೆಳಕಿಗೇ ಕಾಣಲ್ಲ.

ಲ್ಯಾಬ್‌ಇಲಿ
ಭಾನುವಾರ, ಸಂಜೆ 5:55

ನೋಡಪ್ಪಾ, ಸೀನ ಸೈಲೆಂಟ್ ಅಲ್ಲ. ಸರಿಯಾದ ಮಾತು. ಅದು ಬೆಳಕಿನಲ್ಲಿ ತೆಗೆದ ಫೋಟೋ ಅಲ್ಲ, ಮುಟ್ಟಿ ತೆಗೆದದ್ದು. ತುಂಬಾ ಚೂಪಾದ ಒಂದು ಮೊನೆ ಆ ನೆಲದ ಮೇಲೆ ತಡವಿಕೊಂಡು ಹೋಗುತ್ತದೆ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ಸಾಲು ಸಾಲಾಗಿ ಬರೆದುಕೊಳ್ಳುತ್ತದೆ. ಬ್ರೈಲ್ ಓದಿದ ಹಾಗೆ. ಕಂದು ಬಣ್ಣ ಕಂಪ್ಯೂಟರ್ ತುಂಬಿದ್ದು. ಆ ಲೆಕ್ಕದಲ್ಲಿ ನಿನ್ನ ಫೋಟೋಶಾಪ್ ಕಾಲು ಭಾಗ ನಿಜ.

ಕಬ್ಬನ್‌ಪೇಟೆ ಮಗ್ಗದ ಮನೆ
ಭಾನುವಾರ, ರಾತ್ರಿ 8:30

ನಾನು ನೇಕಾರರ ಮನೆಯವನು. ತಾತ ಕೈಮಗ್ಗ, ಅಪ್ಪ ಪವರ್‌ಲೂಮ್, ನಾನು ಅಕೌಂಟೆಂಟ್. ನಿಮ್ಮ ಮಾತಿನಲ್ಲಿ ನನಗೆ ಎರಡು ತಕರಾರು.

ಒಂದು, ಸ್ಟಾಲಿನ ಹುಡುಗರು ಇದನ್ನು ನೇಯ್ಗೆ ಅಂತಲೂ ಹೇಳುತ್ತಾರೆ, ನಾನೂ ಕೇಳಿದ್ದೇನೆ. ಇದು ನೇಯ್ಗೆ ಅಲ್ಲ. ನೇಯ್ಗೆ ಅಂದರೆ ಹಾಸು ಬಿಗಿಯಾಗಿ ಎಳೆದಿರಬೇಕು, ಹೊಕ್ಕು ಅದರ ಮೇಲೆ ಕೆಳಗೆ ಹೋಗಬೇಕು. ಎಳೆತ ಇಲ್ಲದೆ ಬಟ್ಟೆ ಇಲ್ಲ. ಇಲ್ಲಿ ಎಳೆದು ಹಿಡಿಯುವವರು ಯಾರು?

ಇನ್ನೊಂದು, ವಿನ್ಯಾಸ ಎಲ್ಲಿ ಬರೆದಿರುತ್ತದೆ? ನಮ್ಮಲ್ಲಿ ಜಕಾರ್ಡ್ ಕಾರ್ಡ್. ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಚಿಕ್ಕವನಿದ್ದಾಗ ಹಳೇ ಕಾರ್ಡಿನಲ್ಲಿ ರೈಲು ಮಾಡಿ ಆಡಿ ಅಪ್ಪನ ಕೈಲಿ ಒದೆ ತಿಂದಿದ್ದೇನೆ. ಒಂದು ಕಾರ್ಡು ಹಿಂದುಮುಂದಾದರೆ ಸೆರಗಿನ ನವಿಲಿಗೆ ಎರಡು ಕೊಕ್ಕು.

ಲ್ಯಾಬ್‌ಇಲಿ
ಭಾನುವಾರ, ರಾತ್ರಿ 9:45

ಎರಡನೆಯದು ಮೊದಲು ಅಣ್ಣಾ. ಇಲ್ಲಿ ದಾರವೇ ಕಾರ್ಡು. ಯಾವ ಸ್ಟೇಪಲ್ ಎಲ್ಲಿ ಕೂರಬೇಕು ಅನ್ನುವುದು ಅದರ ಅಕ್ಷರಗಳಲ್ಲೇ ಇದೆ. ಕಂಪ್ಯೂಟರಿನಲ್ಲಿ ಆಕಾರ ಎಳೆದು ಅಕ್ಷರಗಳ ಪಟ್ಟಿ ತೆಗೆದು ಆರ್ಡರ್ ಕೊಟ್ಟರೆ ಮುಗಿಯಿತು. ಆಮೇಲೆ ಯಾವ ಕಾರ್ಡೂ ಬೇಡ.

ಎಳೆತದ ಪ್ರಶ್ನೆಗೆ ನನ್ನ ಹಳೇ ಗಾಯ ತೋರಿಸಬೇಕು. ಡಿಎನ್‌ಎಯ ಮೈ ತುಂಬಾ ಋಣ ವಿದ್ಯುತ್. ಹುರಿಗಳನ್ನು ಪಕ್ಕ ಪಕ್ಕ ತಂದರೆ ಒಂದನ್ನೊಂದು ತಳ್ಳುತ್ತವೆ. ಇಲ್ಲಿ ಬೇಕಾದ್ದು ಎಳೆಯುವವರಲ್ಲ, ಜಗಳ ಬಿಡಿಸುವವರು. ಆ ಕೆಲಸ ಮೆಗ್ನೀಷಿಯಂನದು. ಧನ ವಿದ್ಯುತ್ ಹೊತ್ತು ನಡುವೆ ಕೂತು ಸಮಾಧಾನ ಮಾಡುತ್ತದೆ. ರೋಥೆಮುಂಡ್ ದ್ರಾವಣದಲ್ಲಿ ಲೀಟರಿಗೆ 12.5 ಮಿಲಿಮೋಲ್ ಇತ್ತು.

ನನ್ನ ಮೊದಲ ವರ್ಷ. ಬೀದಿ ದೀಪ ಹೋಗುವ ಹೊತ್ತಿಗೆ ಲ್ಯಾಬ್, ಮತ್ತೆ ಹತ್ತುವ ಹೊತ್ತಿಗೆ ಹಾಸ್ಟೆಲ್. ಮೂರು ವಾರ ಒಂದೇ ಆಯತ ಮಾಡಲು ಒದ್ದಾಡಿದೆ. ಆಕಾರ ಸರಿಯಾಗಿದೆಯಾ ಅಂತ ನೋಡಲು ಜೆಲ್ ಅನ್ನುವ ಲೋಳೆಯಂಥ ಪದರದಲ್ಲಿ ಓಡಿಸಿದರೆ ಗೆರೆ ಬರಬೇಕಾದ ಕಡೆ ಹೊಗೆ ತರಹ ಬಳಿದುಕೊಂಡು ಬರುತ್ತಿತ್ತು. ಸ್ಟೇಪಲ್ ಹೊಸದಾಗಿ ಬೆರೆಸಿದೆ, ಪೆಟ್ಟಿಗೆ ಬದಲಿಸಿದೆ, ಎಂ13 ಬದಲಿಸಿದೆ. ಕೊನೆಗೆ ಸೀನಿಯರ್ ಒಬ್ಬರು ಬಾಟಲಿ ಮೇಲಿನ ಚೀಟಿ ಓದಿದರು. ಮೆಗ್ನೀಷಿಯಂ ಇಲ್ಲದ ಬಾಟಲಿ. ಎರಡೂ ಬಾಟಲಿಗೂ ಒಂದೇ ನೀಲಿ ಮುಚ್ಚಳ. ಅವತ್ತು ಗೈಡ್ ಬೈಯಲಿಲ್ಲ. ಒಂದು ಕೆಂಪು ಮಾರ್ಕರ್ ಪೆನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಕಬ್ಬನ್‌ಪೇಟೆ ಮಗ್ಗದ ಮನೆ
ಭಾನುವಾರ, ರಾತ್ರಿ 10:00

ಒಪ್ಪಿದೆ. ನೇಯ್ಗೆ ಅಲ್ಲ ಅಂತ ನೀವೂ ಒಪ್ಪಿದಿರಿ ಅಂದುಕೊಳ್ಳುತ್ತೇನೆ.

ವಿಜಯನಗರ ಅಂಕಲ್
ಸೋಮವಾರ, ಬೆಳಗ್ಗೆ 7:15

ಎಲ್ಲರೂ ಎಚ್ಚರ. ಈ ಡಿಎನ್‌ಎ ರೋಬೋಟ್‌ಗಳನ್ನು ಇಂಜೆಕ್ಷನ್‌ನಲ್ಲಿ ಹಾಕಿ ಆಮೇಲೆ ಮೊಬೈಲ್ ಟವರಿಂದ ಕಂಟ್ರೋಲ್ ಮಾಡುತ್ತಾರಂತೆ. ನಮ್ಮ ವಾಕಿಂಗ್ ಗ್ರೂಪಿನಲ್ಲಿ ವಿಡಿಯೋ ಬಂದಿದೆ. ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ.

ರಾಜಾಜಿನಗರ ಬಯಾಲಜಿ ಮೇಷ್ಟ್ರು
ಸೋಮವಾರ, ಬೆಳಗ್ಗೆ 7:40

ಅಯ್ಯೋ, ಬೆಳಗ್ಗೆ ಬೆಳಗ್ಗೆ.

ಲ್ಯಾಬ್‌ಇಲಿ
ಸೋಮವಾರ, ಬೆಳಗ್ಗೆ 8:30

ಅಂಕಲ್, ‘ರೋಬೋಟ್’ ಅನ್ನುವ ಪದ ವಿಜ್ಞಾನಿಗಳೇ ಬಳಸಿದ್ದು ನಿಜ. ಆ ಪದ ಬಳಸಿದ್ದಕ್ಕೆ ನನಗೂ ಸಿಟ್ಟಿದೆ, ಹೆದರಿಸುವವರಿಗೆ ಅನುಕೂಲ ಮಾಡಿಕೊಟ್ಟರು. ಆದರೆ ಅದರ ಒಳಗೆ ಏನಿದೆ ನೋಡಿ.

2012ರಲ್ಲಿ ಹಾರ್ವರ್ಡ್‌ನಲ್ಲಿ ಶಾನ್ ಡಗ್ಲಸ್, ಇಡೋ ಬ್ಯಾಚಲೆಟ್, ಜಾರ್ಜ್ ಚರ್ಚ್ ಮಾಡಿದ್ದು ಒಂದು ಪೀಪಾಯಿ. ಚಿಪ್ಪಿನ ಹಾಗೆ ಎರಡು ಹೋಳು, ಒಂದು ಕಡೆ ಕೀಲು, ಇನ್ನೊಂದು ಕಡೆ ಎರಡು ಬೀಗ. ಬೀಗವೂ ಡಿಎನ್‌ಎಯದೇ. ಕೆಲವು ಕೋಶಗಳ ಮೈಮೇಲೆ ಇರುವ ನಿರ್ದಿಷ್ಟ ಪ್ರೋಟೀನ್ ಸಿಕ್ಕಿದರೆ ಬೀಗದ ಎಳೆ ತನ್ನ ಜೋಡಿಯನ್ನು ಬಿಟ್ಟು ಆ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಎರಡೂ ಬೀಗ ತೆಗೆದರೆ ಪೀಪಾಯಿ ಬಾಯಿ ಬಿಡುತ್ತದೆ, ಒಳಗಿಟ್ಟ ವಸ್ತು ಹೊರಗೆ ಕಾಣುತ್ತದೆ. ಅಷ್ಟೇ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ಆಂಟೆನಾ ಇಲ್ಲ. ಟವರ್ ಮಾತು ಕೇಳಲು ಅದಕ್ಕೆ ಕಿವಿಯೇ ಇಲ್ಲ. ಪರೀಕ್ಷೆ ಮಾಡಿದ್ದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. 2018ರಲ್ಲಿ ಚೀನಾ ಮತ್ತು ಅಮೆರಿಕದವರು ಸೇರಿ ಡಿಎನ್‌ಎ ಹಾಳೆಯನ್ನು ಕೊಳವೆಯಂತೆ ಸುತ್ತಿ, ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಒಳಗಿಟ್ಟು, ಇಲಿಗಳ ಗೆಡ್ಡೆಯ ರಕ್ತನಾಳ ಮುಚ್ಚಿಸಿದರು. ಇಲಿ, ಅಂಕಲ್. ಮನುಷ್ಯರಿಗೆ ಹಾಕುವ ಡಿಎನ್‌ಎ ಒರಿಗಾಮಿ (ಹೀಗೆ ಎಳೆ ಮಡಚಿ ಕಟ್ಟುವುದಕ್ಕೆ ಇಟ್ಟ ಹೆಸರು) ಔಷಧ ಯಾವ ಅಂಗಡಿಯಲ್ಲೂ ಇಲ್ಲ.

ಯಾಕಿಲ್ಲ ಅಂದರೆ ನಮ್ಮ ಮೈ ಇದನ್ನು ಬಿಡುವುದಿಲ್ಲ. ರಕ್ತದಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳಿವೆ, ಹೊರಗಿನ ಡಿಎನ್‌ಎ ಕಂಡರೆ ಚೂರು ಮಾಡುತ್ತವೆ. ಮೆಗ್ನೀಷಿಯಂ ಕೂಡ ನಮ್ಮ ರಕ್ತದಲ್ಲಿ ಆ ದ್ರಾವಣದಷ್ಟು ಇಲ್ಲ, ಆಕಾರ ಸಡಿಲವಾಗುತ್ತದೆ. ಮೇಲೆ ಬೇರೆ ಲೇಪ ಹಚ್ಚಿ ಉಳಿಸುವ ಪ್ರಯತ್ನ ನಡೆದಿದೆ. ಕಂಟ್ರೋಲ್ ಮಾಡುವುದು ಹಾಗಿರಲಿ, ಕರಗದೆ ಉಳಿದರೆ ಸಾಕಾಗಿದೆ ಇವರಿಗೆ.

ವಿಜಯನಗರ ಅಂಕಲ್
ಸೋಮವಾರ, ಬೆಳಗ್ಗೆ 9:05

ಇಷ್ಟು ಉದ್ದ ಯಾರೂ ಹೇಳಿರಲಿಲ್ಲಪ್ಪ. ವಿಡಿಯೋ ಡಿಲೀಟ್ ಮಾಡಲ್ಲ, ಆದರೆ ಮುಂದೆ ಕಳಿಸಲ್ಲ.

ಯಲಹಂಕ ಕೋಡರ್
ಸೋಮವಾರ, ಮಧ್ಯಾಹ್ನ 1:20

ಎಲ್ಲಾ ಅಮೆರಿಕ ಆಯ್ತು. ನಮ್ಮ ಬೆಂಗಳೂರಲ್ಲಿ ಏನಾದರೂ ಆಗಿದೆಯಾ? ಮತ್ತೆ ನೇರ ಪ್ರಶ್ನೆ, ಇದರಿಂದ ಉಪಯೋಗ ಏನು?

ಲ್ಯಾಬ್‌ಇಲಿ
ಸೋಮವಾರ, ರಾತ್ರಿ 10:30

ಆಗಿದೆ, ಅದೂ ನಿಮ್ಮ ಮನೆ ದಾರಿಯಲ್ಲೇ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಒಳಗೆ ಜೀವವಿಜ್ಞಾನ ಸಂಶೋಧನೆ ಮಾಡುವ ಎನ್‌ಸಿಬಿಎಸ್ ಇದೆಯಲ್ಲ, ಅಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಮಾಡಿದ ಕೆಲಸ ಇಡೀ ಲೋಕ ನೋಡಿತು.  

ಅವರು ಮಾಡಿದ್ದು ಒಂದು ಚಿಮಟ. ಎರಡು ಗಟ್ಟಿ ಡಿಎನ್‌ಎ ತೋಳು, ನಡುವೆ ಕೀಲು. ತೋಳಿನ ತುದಿಗಳಲ್ಲಿ ಸಿ ಅಕ್ಷರ ಜಾಸ್ತಿ ಇರುವ ಎಳೆ. ಸುತ್ತ ಹುಳಿ ಇದ್ದರೆ ಆ ಸಿ ಅಕ್ಷರಗಳು ತಮ್ಮ ತಮ್ಮಲ್ಲೇ ಹಿಡಿದುಕೊಂಡು ಮಡಚುತ್ತವೆ, ಚಿಮಟ ಮುಚ್ಚುತ್ತದೆ. ಹುಳಿ ಕಡಿಮೆಯಾದರೆ ತೆರೆಯುತ್ತದೆ. ತುದಿಗಳಲ್ಲಿ ಎರಡು ಬಣ್ಣದ ಹೊಳೆಯುವ ಅಣು. ಮುಚ್ಚಿದಾಗ ಹತ್ತಿರ, ತೆರೆದಾಗ ದೂರ, ಅದಕ್ಕೆ ತಕ್ಕ ಹಾಗೆ ಬಣ್ಣದ ಪ್ರಮಾಣ ಬದಲು. ಅಂದರೆ ಜೀವಂತ ಕೋಶದ ಒಳಗೆ ಓಡಾಡುವ ಚೀಲಗಳ ಹುಳಿ ಎಷ್ಟು ಅಂತ ಹೊರಗಿಂದ ಓದಬಹುದು. ಒಳಗೆ ಇಳಿಬಿಟ್ಟ ಲಿಟ್ಮಸ್ ಕಾಗದ ಅನ್ನಿ. 2011ರಲ್ಲಿ ಅದನ್ನೇ ಒಂದು ಮಿಲಿಮೀಟರಿನ ಹುಳುವಿನ ಒಳಗೆ ಬಿಟ್ಟು ತೋರಿಸಿದರು. ಇಪ್ಪತ್ತು ಮುಖದ ಡಿಎನ್‌ಎ ಗೂಡು ಮಾಡಿ ಅದರೊಳಗೆ ವಸ್ತು ಕೂಡಿಹಾಕಿದ್ದೂ ಇದೇ ತಂಡ. 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು, 2014ರಲ್ಲಿ ಅವರು ಷಿಕಾಗೊ ಯೂನಿವರ್ಸಿಟಿಗೆ ಹೋದರು. ಹೋದದ್ದಕ್ಕೆ ಬೇಜಾರು ಮಾಡಿಕೊಳ್ಳುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಕೆಲಸ ಇಲ್ಲಿ ಆಯಿತಲ್ಲ.

ನನ್ನ ಲೆಕ್ಕದಲ್ಲಿ ಡಿಎನ್‌ಎ ಕಟ್ಟಡಗಳಲ್ಲಿ ಅತಿ ಉಪಯುಕ್ತವಾದದ್ದು ಇಂಥ ಚಿಮಟಗಳೇ. ನಗುಮುಖ ಚೆಂದ, ಪೀಪಾಯಿ ಕುತೂಹಲ. ಆದರೆ ಕೋಶದ ಒಳಗೆ ಬೇರೆ ಯಾವ ಉಪಕರಣ ಇಳಿಯುತ್ತದೆ ಹೇಳಿ? ಇನ್ನೊಂದು ಉಪಯೋಗ ಸ್ಕೇಲ್. ಡಿಎನ್‌ಎ ಆಯತದ ಮೇಲೆ ಗೊತ್ತಾದ ದೂರದಲ್ಲಿ ಹೊಳೆಯುವ ಚುಕ್ಕಿ ಕೂರಿಸಿ, ಹೊಸ ಸೂಕ್ಷ್ಮದರ್ಶಕ ಎಷ್ಟು ಚೆನ್ನಾಗಿ ನೋಡುತ್ತದೆ ಅಂತ ಪರೀಕ್ಷಿಸುತ್ತಾರೆ. ಚಿನ್ನದ ಕಣಗಳನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಲೂ ಬಳಸುತ್ತಾರೆ.

ಅಡ್ಡಿ ಏನು ಅಂದರೆ ಖರ್ಚು. ಇನ್ನೂರು ಸ್ಟೇಪಲ್ ಮೆಷಿನ್‌ನಲ್ಲಿ ಮಾಡಿಸಬೇಕು. 2017ರಲ್ಲಿ ಮ್ಯೂನಿಕ್‌ನ ಹೆಂಡ್ರಿಕ್ ಡೀಟ್ಸ್ ತಂಡ ಉದ್ದ ಎಳೆ, ಸ್ಟೇಪಲ್ ಎರಡನ್ನೂ ಬ್ಯಾಕ್ಟೀರಿಯಾದಲ್ಲೇ ಬೆಳೆಸುವ ದಾರಿ ತೋರಿಸಿತು. ಬೆಲೆ ಇಳಿಯುವ ದಾರಿ ಅದು.

ಇನ್ನು ಬೆಂಗಳೂರಿನದೇ ಆದ ಅಡ್ಡಿ. ಒಮ್ಮೆ ಇನ್ನೊಂದು ಲ್ಯಾಬಿಂದ ಕಿಣ್ವ ತರಲು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿಕೊಂಡು ಹೋಗಿದ್ದೆ. ವಾಪಸ್ ಬರುವಾಗ ಹೆಬ್ಬಾಳ ಫ್ಲೈಓವರ್ ಮೇಲೆ ಒಂದೂಕಾಲು ಗಂಟೆ. ಐಸ್ ನೀರಾಯಿತು, ಕಿಣ್ವ ಸತ್ತಿತು. ಡಿಎನ್‌ಎ ಎಳೆಗಳು ಪುಡಿಯಾಗಿ ಕೊರಿಯರ್‌ನಲ್ಲಿ ಬಿಸಿಲಲ್ಲಿ ಬರುತ್ತವೆ, ಏನೂ ಆಗುವುದಿಲ್ಲ. ಅವತ್ತಿಂದ ನನಗೆ ಡಿಎನ್‌ಎ ಮೇಲೆ ಪ್ರೀತಿ ಜಾಸ್ತಿ.

ಹನುಮಂತನಗರ ಟೈಲರಕ್ಕ
ಬುಧವಾರ, ರಾತ್ರಿ 10:10

ನಾನೂ ಮಗಳೂ ಮಾಡಿ ನೋಡಿದೆವು. ಕುಚ್ಚಿನ ರೇಷ್ಮೆ ದಾರ ಎರಡೆರಡು ಎಳೆ ಹೊಸೆದು ಹುರಿ ಮಾಡಿದೆ. ಗ್ರಾಫ್ ಹಾಳೆ ಕೆಳಗಿಟ್ಟು ಹುರಿಯನ್ನು ಎಂಟು ಸಾಲು ಆಚೆ ಈಚೆ ಓಡಿಸಿದೆವು. ಪ್ರತಿ ಮೂರು ಸುತ್ತಿಗೆ ಒಂದು ಹೊಲಿಗೆ, ಪಕ್ಕದ ಸಾಲಿಗೆ. ಹೊಲಿಗೆ ಗ್ರಾಫಿನ ಗೆರೆ ಮೇಲೇ ಬೀಳಬೇಕು ಅಂತ ಮಗಳ ಹಟ. ಹುರಿಯ ಸುತ್ತು ಗೆರೆಗೆ ಸರಿಯಾಗಿ ಬರುತ್ತಿರಲಿಲ್ಲ. ಒಂದೊಂದು ಹೊಲಿಗೆಗೂ ಒಂದು ಚೂರು ತಿರುಚಿ ಹಾಕಿದೆ.

ಹಾಳೆ ತೆಗೆದ ತಕ್ಷಣ ಎರಡು ಮೂಲೆ ಮೇಲಕ್ಕೆ ಎದ್ದವು, ಎರಡು ಕೆಳಕ್ಕೆ. ಇಸ್ತ್ರಿ ಹಾಕಿದೆ, ಮತ್ತೆ ಎದ್ದವು. ಕ್ರಾಸ್ ಪೀಸ್ ಎಳೆದು ಹೊಲಿದಾಗ ಅಂಚು ತಿರುಚಿಕೊಳ್ಳುತ್ತದಲ್ಲ, ಹಾಗೇ. ನನ್ನ ಕೈ ತಪ್ಪು ಅಂತ ಮಗಳು ನಗುತ್ತಿದ್ದಾಳೆ. ಫೋಟೋ ಹಾಕಿದ್ದೇನೆ ನೋಡಿ.

ಲ್ಯಾಬ್‌ಇಲಿ
ಬುಧವಾರ, ರಾತ್ರಿ 10:35

ಅಕ್ಕಾ! ಮಗಳಿಗೆ ಹೇಳಿ, ಕೈ ತಪ್ಪಲ್ಲ. ರೋಥೆಮುಂಡ್ ಅವರ ಆಯತದಲ್ಲೂ ಇದೇ ಆಗುತ್ತದೆ.

ಅವರ ವಿನ್ಯಾಸದಲ್ಲಿ 32 ಅಕ್ಷರಕ್ಕೆ ಸರಿಯಾಗಿ ಮೂರು ಸುತ್ತು ಅಂತ ಲೆಕ್ಕ. ಅಂದರೆ ಸುತ್ತಿಗೆ 10.67 ಅಕ್ಷರ. ಡಿಎನ್‌ಎಗೆ ಬೇಕಾದ್ದು ಹತ್ತೂವರೆ. ಪ್ರತಿ 32 ಅಕ್ಷರಕ್ಕೂ ಸುಮಾರು 17 ಡಿಗ್ರಿ ವ್ಯತ್ಯಾಸ ಉಳಿದುಬಿಡುತ್ತದೆ. ಒಂದು ಹೊಲಿಗೆಯಲ್ಲಿ ಕಾಣುವುದಿಲ್ಲ, ಸಾಲು ಪೂರ್ತಿ ಸೇರಿದರೆ ಇಡೀ ಹಾಳೆ ತಿರುಚಿಕೊಳ್ಳುತ್ತದೆ. ಆಮೇಲೆ ಬಂದವರು ಅಲ್ಲಲ್ಲಿ ಒಂದೊಂದು ಅಕ್ಷರ ಕಡಿಮೆ ಮಾಡಿ ಸಪಾಟು ಮಾಡಿದರು. ಇನ್ನು ಕೆಲವರು ಬೇಕಂತಲೇ ಅಕ್ಷರ ಹೆಚ್ಚುಕಡಿಮೆ ಮಾಡಿ ಬಾಗಿದ, ತಿರುಚಿದ ಆಕಾರಗಳನ್ನೇ ಕಟ್ಟಿದರು.

ಕಬ್ಬನ್‌ಪೇಟೆ ಮಗ್ಗದ ಮನೆ
ಬುಧವಾರ, ರಾತ್ರಿ 10:50

ಹುರಿ ಜಾಸ್ತಿ ಆದ ನೂಲಿನ ಬಟ್ಟೆಯೂ ನೀರಿಗೆ ಹಾಕಿದರೆ ಹೀಗೇ ಸೊಟ್ಟ ಆಗುತ್ತದೆ. ಅಪ್ಪನಿಗೆ ಫೋಟೋ ತೋರಿಸಿದೆ. ‘ಹುರಿ ಇಳಿಸಬೇಕು’ ಅಂದರು.

ಹನುಮಂತನಗರ ಟೈಲರಕ್ಕ
ಬುಧವಾರ, ರಾತ್ರಿ 11:05

ಮಗಳು ಬಿಚ್ಚುತ್ತಾ ಕೂತಿದ್ದಾಳೆ. ನಾಲ್ಕು ಹೊಲಿಗೆಗೆ ಒಂದು ಸಲ ಗೆರೆ ಬಿಟ್ಟು ಹಾಕುತ್ತಾಳಂತೆ. ನಾಳೆ ಅವಳಿಗೆ ಕೆಮಿಸ್ಟ್ರಿ ಟೆಸ್ಟ್ ಬೇರೆ ಇದೆ.